ಮಂಗಳೂರಿನಲ್ಲಿ ಮಳೆ ಹಿಡಿದ ಎರಡು ದಿನ

ಜುಲೈನಲ್ಲಿ ಮಂಗಳೂರು ನೋಡಲು ಬರುತ್ತೇವೆ ಅಂದರೆ ಅಲ್ಲಿನವರೇ, "ಈ ಮಳೆಗೆ ಎಂತ ನೋಡ್ಲಿಕ್ಕುಂಟು ಮಾರ್ರೆ, ಅಕ್ಟೋಬರ್ ಕಳೆದು ಬನ್ನಿ" ಅನ್ನುತ್ತಾರೆ. ಪಣಂಬೂರು, ತಣ್ಣೀರುಬಾವಿಯ ಮರಳಷ್ಟೇ ಮಂಗಳೂರು ಅಂದುಕೊಂಡು ಬರುವವರಿಗೆ ಅದು ಸರಿಯಾದ ಬುದ್ಧಿಮಾತು. ಮಳೆಗಾಲದಲ್ಲಿ ನೀರಿಗಿಳಿಯುವ ಮಾತೇ ಇಲ್ಲ. ಆದರೆ ಈ ಊರಿನ ಮಾಡು, ಜಗಲಿ, ಅಂಗಡಿ ಸಾಲು, ಅಡುಗೆ ಎಲ್ಲವೂ ಮಳೆಯನ್ನು ಲೆಕ್ಕಕ್ಕೆ ಹಿಡಿದೇ ಆದದ್ದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ, ಅದರಲ್ಲಿ ಸುಮಾರು ಅರ್ಧ ಜೂನ್, ಜುಲೈ ಎರಡೇ ತಿಂಗಳಲ್ಲಿ. ಮಳೆ ನಿಂತ ಮೇಲೆ ಊರು ನೋಡುತ್ತೇವೆ ಅಂತ ಕೂತರೆ ಲಾಡ್ಜಿನ ಕಿಟಕಿಯೇ ಗತಿ. ಒಂದು ಸೂರಿನಿಂದ ಇನ್ನೊಂದು ಸೂರಿಗೆ ಹತ್ತು ಹದಿನೈದು ನಿಮಿಷದ ನಡಿಗೆ ಇರುವಂತೆ ದಿನವನ್ನು ಜೋಡಿಸಿಕೊಂಡರೆ ಹಳೇ ಬಂದರು ನಗರ ಚೆನ್ನಾಗಿಯೇ ಕೈಗೆ ಸಿಗುತ್ತದೆ.

ಹೊರಡುವ ಮುಂಚೆ

ಮೊದಲು ತಾರೀಕು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು, 10 ಎಚ್‌ಪಿ ಮೀರಿದ ಎಂಜಿನ್ ಕಟ್ಟಿದ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಗೆ ಮಾತ್ರ ಅವಕಾಶ, ಅದೂ ಕಡಲು ಬಿಟ್ಟ ದಿನ. ಹಾಗಾಗಿ ಈ ಎರಡು ತಿಂಗಳು ತಟ್ಟೆಗೆ ಬರುವ ಮೀನು ಒಂದೋ ನಾಡದೋಣಿಯದ್ದು, ಇಲ್ಲ ಐಸಿನ ದಾಸ್ತಾನು, ಅದೂ ಅಲ್ಲದಿದ್ದರೆ ಹೊರಗಿನಿಂದ ಲಾರಿಯಲ್ಲಿ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಂದ್. ಮೀನಿಗಾಗಿಯೇ ಬರುವವರು ಆ ಹದಿನೈದು ದಿನ ತಪ್ಪಿಸುವುದು ಲೇಸು.

ಇನ್ನೊಂದು ಲೆಕ್ಕ ತುಳುವರ ಆಟಿ ತಿಂಗಳದ್ದು. ಸುಮಾರು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಕೆಸುವಿನೆಲೆಯ ಪತ್ರೊಡೆ, ಎಳೆ ಬಿದಿರಿನ ಕಣಿಲೆ, ತಜಂಕು ಸೊಪ್ಪು ಎಲ್ಲ ಈ ಹೊತ್ತಿನ ಅಡುಗೆ. ಆಟಿಯ ತಿಂಡಿಯೂ ಹೊಸ ಬೋಟಿನ ಮೀನೂ ಒಟ್ಟಿಗೆ ಸಿಗುವುದು ಆಗಸ್ಟಿನ ಮೊದಲ ಎರಡು ವಾರ. ಮಳೆಯೂ ಆಗ ಪೂರ್ತಿ ಬಿಟ್ಟಿರುವುದಿಲ್ಲ. ಆಯ್ಕೆ ಕೈಯಲ್ಲಿದ್ದರೆ ಆ ದಿನಗಳೇ ಒಳ್ಳೆಯದು. ಭೂತಕೋಲ, ಮೇಳದ ಯಕ್ಷಗಾನ ನೋಡುವ ಆಸೆಯಿದ್ದರೆ ಮಾತ್ರ ಈ ಕಾಲ ಆಗುವುದಿಲ್ಲ. ಕೋಲ, ಮೇಳಗಳ ವರ್ಷ ಮುಗಿಯುವ ದಿನ ಪತ್ತನಾಜೆ, ಮೇ ಕೊನೆಯಲ್ಲಿ. ಅವತ್ತು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆ ಕಳೆದ ಮೇಲೆ. ಮಳೆಗಾಲದಲ್ಲಿ ಸಿಕ್ಕರೆ ಮನೆಮನೆ ತಿರುಗುವ ಚಿಕ್ಕಮೇಳ, ಇಲ್ಲವೇ ಸಭಾಂಗಣದೊಳಗಿನ ಯಕ್ಷಗಾನ.

ಬೆಂಗಳೂರು ಕಡೆಯಿಂದ ಬರುವವರಿಗೆ ಘಟ್ಟವೇ ದೊಡ್ಡ ಪ್ರಶ್ನೆ. ಶಿರಾಡಿಯಲ್ಲಿ ಗುಡ್ಡ ಜರಿದರೆ ವಾಹನಗಳನ್ನು ಚಾರ್ಮಾಡಿ ಅಥವಾ ಮಡಿಕೇರಿ–ಸಂಪಾಜೆ ದಾರಿಗೆ ತಿರುಗಿಸುತ್ತಾರೆ. ಚಾರ್ಮಾಡಿಯ ತಿರುವುಗಳಲ್ಲಿ ದೊಡ್ಡ ಬಸ್ಸುಗಳಿಗೆ ಕಷ್ಟ, ಸಂಪಾಜೆ ಸುತ್ತು. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿಲೋಮೀಟರ್ ರೈಲು ಘಟ್ಟದಲ್ಲಿ 57 ಸುರಂಗ. ಹಗಲಿನ ರೈಲಿನಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿಗೆ ಬೇಡಿಕೆ ಹೆಚ್ಚುವುದೂ ಇದೇ ತಿಂಗಳುಗಳಲ್ಲಿ. ಹಳಿಯ ಮೇಲೆ ಮಣ್ಣು ಬಿದ್ದರೆ ಅದೂ ನಿಲ್ಲುತ್ತದೆ. ಟಿಕೆಟ್ ತೆಗೆಯುವಾಗ ನಿಲ್ದಾಣದ ಹೆಸರು ಎರಡು ಸಲ ಓದಿ. ಮಂಗಳೂರು ಸೆಂಟ್ರಲ್ ಊರ ನಡುವಿನ ಹಂಪನಕಟ್ಟೆಯ ಮಗ್ಗುಲಲ್ಲಿದೆ, ಮಂಗಳೂರು ಜಂಕ್ಷನ್ ಪಡೀಲು ಕಡೆ, ನಾಲ್ಕೈದು ಕಿಲೋಮೀಟರ್ ಆಚೆ. ಜಡಿಮಳೆಯ ಬೆಳಿಗ್ಗೆ ಪಡೀಲಿನ ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಆ ನಾಲ್ಕೈದು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿದರೂ ಹಿಡಿಯಿತು. ಪಂಪ್‌ವೆಲ್, ಕೊಟ್ಟಾರ ಚೌಕಿಗಳಿಗೂ ಇದೇ ಮಾತು.

ಚೀಲದಲ್ಲಿ ಜೀನ್ಸ್ ಬೇಡ. ಒದ್ದೆಯಾದರೆ ಮೂರು ದಿನವಾದರೂ ಆರುವುದಿಲ್ಲ, ಎರಡನೇ ದಿನಕ್ಕೆ ಮುಗ್ಗಲು ವಾಸನೆ. ಕಾಲಿಗೆ ಹಿಂದೆ ಪಟ್ಟಿ ಇರುವ, ಅಡಿ ಸವೆಯದ ರಬ್ಬರ್ ಚಪ್ಪಲಿ. ಶೂ ಹಾಕಿದವರು ಮೊದಲ ಗಂಟೆಯಲ್ಲೇ ಪಶ್ಚಾತ್ತಾಪ ಪಡುತ್ತಾರೆ. ಮೂರು ಮಡಿಕೆಯ ಪುಟ್ಟ ಕೊಡೆ ಕಡಲ ಗಾಳಿಗೆ ಮಗುಚಿ ಕಡ್ಡಿ ಮುರಿದುಕೊಳ್ಳುತ್ತದೆ. ಉದ್ದ ಹಿಡಿಯ ದೊಡ್ಡ ಕೊಡೆಯೇ ಆಗಬೇಕು, ಹಂಪನಕಟ್ಟೆಯಲ್ಲೇ ಕೊಂಡರೂ ಆದೀತು. ಒದ್ದೆ ಅಂಗಿಗೆ ಒಂದು, ಫೋನಿಗೆ ಒಂದು ಪ್ಲಾಸ್ಟಿಕ್ ಚೀಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಶಾಲೆಗಳಿಗೆ ರಜೆ ಸಾರುತ್ತಾರೆ. ಅಂಥ ದಿನ ನದಿ, ಕಡಲಿನ ಅಂಚಿನ ಜಾಗಗಳನ್ನು ಪಟ್ಟಿಯಿಂದ ತೆಗೆದು ಊರೊಳಗಿನದ್ದನ್ನಷ್ಟೇ ಇಟ್ಟುಕೊಳ್ಳಿ.

ಮೊದಲ ದಿನ: ಬಾವುಟಗುಡ್ಡದಿಂದ ಬಂದರಿಗೆ

ಬನ್ಸ್ ಬೆಳಗಿನ ತಿಂಡಿ. ಒಂಬತ್ತೂವರೆಯ ಮೇಲೆ ಹೋದರೆ ಸಿಗುವುದು ತಣಿದದ್ದು, ಇಲ್ಲವೇ "ಖಾಲಿ ಆಯ್ತು" ಎಂಬ ಮಾತು. ಹಂಪನಕಟ್ಟೆ, ಕೊಡಿಯಾಲಬೈಲಿನ ತಾಜ್‌ಮಹಲ್ ಹೆಸರಿನ ಹಳೇ ಹೋಟೆಲುಗಳು ಇದಕ್ಕೆ ಹೆಸರಾದವು, ಆದರೆ ಬಸ್‌ಸ್ಟ್ಯಾಂಡ್ ಪಕ್ಕದ ಸಣ್ಣ ಹೋಟೆಲಿನ ಬನ್ಸೂ ಕಳಪೆಯೇನಲ್ಲ. ಹೆಸರು ಕೇಳಿ ಬೇಕರಿಯ ಬನ್ನು ಅಂದುಕೊಳ್ಳಬೇಡಿ, ಇದು ಬಾಳೆಹಣ್ಣಿನ ಸಿಹಿ ಪೂರಿ. ಎರಡು ಕಪ್ ಮೈದಾಕ್ಕೆ ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದ ಎರಡು ಬಾಳೆಹಣ್ಣು, ಕಾಲು ಕಪ್ ಹುಳಿ ಮೊಸರು, ಮೂರು ಚಮಚ ಸಕ್ಕರೆ, ಅರ್ಧ ಚಮಚ ಜೀರಿಗೆ, ಚಿಟಿಕೆ ಸೋಡಾ, ಉಪ್ಪು. ನೀರು ಹಾಕುವುದಿಲ್ಲ. ರಾತ್ರಿ ಕಲಸಿಟ್ಟು ಬೆಳಿಗ್ಗೆ ಪೂರಿಗಿಂತ ದಪ್ಪಕ್ಕೆ ಲಟ್ಟಿಸಿ ಕರಿಯುತ್ತಾರೆ. ಹಣ್ಣಿನ ಸಕ್ಕರೆ ಬೇಗ ಕೆಂಪಾಗುವುದರಿಂದ ಎಣ್ಣೆ ಹೊಗೆಯಾಡುವಷ್ಟು ಕಾದರೆ ಹೊರಗೆ ಕಪ್ಪು, ಒಳಗೆ ಹಸಿ. ಒಳ್ಳೆಯ ಬನ್ಸನ್ನು ಮುರಿದಾಗ ಒಳಗೆ ಜೇನುಗೂಡಿನಂತೆ ತೂತು ಕಾಣಬೇಕು, ಬೆರಳಿಗೆ ಎಣ್ಣೆ ಹತ್ತಬಾರದು. ಜೊತೆಗೆ ಖಾರದ ಕಾಯಿಚಟ್ನಿ. ಸಿಹಿಗೆ ಖಾರ ಹೇಗೆ ಅಂತ ಘಟ್ಟದ ಮೇಲಿನವರು ಮುಖ ನೋಡುತ್ತಾರೆ, ಎರಡನೆಯದನ್ನು ಕೇಳುವವರೂ ಅವರೇ.

ತಿಂಡಿ ಮುಗಿಸಿ ಬಾವುಟಗುಡ್ಡ ಹತ್ತಿ. ಹಂಪನಕಟ್ಟೆಯಿಂದ ಹತ್ತು ನಿಮಿಷದ ಏರು. ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. 1880ರಲ್ಲಿ ಶುರುವಾದ ಕಾಲೇಜಿಗೆ ಅದೇ ದಶಕದಲ್ಲಿ ಕಟ್ಟಿದ ಪ್ರಾರ್ಥನಾಲಯ, ಹೊರಗಿನಿಂದ ಸಾಧಾರಣವಾಗಿಯೇ ಇದೆ. ಬಾಗಿಲು ದಾಟಿ ತಲೆಯೆತ್ತಿದಾಗ ಗೊತ್ತಾಗುತ್ತದೆ, ಗೋಡೆ, ಕಮಾನು, ಚಾವಣಿ ಎಲ್ಲಿಯೂ ಒಂದು ಗೇಣು ಬರಿದಾಗಿ ಬಿಟ್ಟಿಲ್ಲ. ಚಿತ್ರ ಬರೆದವರು ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಸಹೋದರ, ಇಟಲಿಯ ಆಂಟೋನಿಯೊ ಮೊಸ್ಕೇನಿ. 1899ರಲ್ಲಿ ಹಿಡಿದ ಕುಂಚವನ್ನು ಕೆಳಗಿಟ್ಟದ್ದು ಎರಡು ವರ್ಷದ ಮೇಲೆ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಇಲ್ಲಿ ಎರಡು ಬಗೆಯ ಕೆಲಸವಿದೆ, ಬೇರೆಬೇರೆಯಾಗಿ ನೋಡಬೇಕು. ಚಾವಣಿಯಲ್ಲಿರುವ ಸಂತ ಅಲೋಶಿಯಸ್ ಗೊನ್ಸಾಗನ ಬದುಕಿನ ದೃಶ್ಯಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಗೋಡೆಯ ಮೇಲಿನವು ಫ್ರೆಸ್ಕೊ, ಅಂದರೆ ಸುಣ್ಣದ ಗಾರೆ ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದ್ದು. ಗಾರೆ ಆರುತ್ತಾ ಗಾಳಿಯ ಇಂಗಾಲಾಮ್ಲ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆದು ಮುಗಿಸಬಹುದೋ ಅಷ್ಟೇ ಗಾರೆ ಬಳಿಯಬೇಕು. ಇಟಲಿಯ ಒಣ ಹವೆಯ ಈ ವಿದ್ಯೆಗೆ ಮಂಗಳೂರಿನ ಮಳೆ ಒಳ್ಳೆಯ ಜೊತೆಯಲ್ಲ. ಗೋಡೆ ತೇವ ಹೀರಿದರೆ ಒಳಗಿನ ಲವಣ ಕರಗಿ ಮೇಲೆ ಬಂದು, ಆರುವಾಗ ಬಿಳಿ ಹುಡಿಯಾಗಿ ಬಣ್ಣವನ್ನು ದೂಡುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಪರಂಪರೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಇದಕ್ಕೆ ದುರಸ್ತಿ ಮಾಡಬೇಕಾಯಿತು. ಹಾಗಾಗಿ ಒದ್ದೆ ಕೊಡೆ ಹೊರಗೆ ಬಿಡಿ, ಗೋಡೆಗೆ ಬೆನ್ನು ಕೊಡಬೇಡಿ. ಒಳಗೆ ಫೋಟೊ ತೆಗೆಯುವಂತಿಲ್ಲ. ಮೋಡ ಮುಸುಕಿದ ದಿನ ಕಣ್ಣು ಕತ್ತಲೆಗೆ ಹೊಂದಲು ಐದು ನಿಮಿಷ ಬೇಕು. ಬೆಂಚಿನ ಮೇಲೆ ಸುಮ್ಮನೆ ಕೂತು ಆಮೇಲೆ ಮೇಲೆ ನೋಡಿ. ಬಲಿಪೂಜೆಯ, ಅಂದರೆ ಚರ್ಚಿನ ಪ್ರಾರ್ಥನೆಯ ಹೊತ್ತಿನಲ್ಲಿ ನೋಡುಗರಿಗೆ ಪ್ರವೇಶ ಇರುವುದಿಲ್ಲ.

ಅಲ್ಲಿಂದ ಇಳಿದು ರಥಬೀದಿ. ಹನ್ನೆರಡರೊಳಗೆ ಮುಟ್ಟಬೇಕು, ಮಧ್ಯಾಹ್ನದ ಪೂಜೆ ಮುಗಿದು ವೆಂಕಟರಮಣ ದೇವಸ್ಥಾನದ ಬಾಗಿಲು ಹಾಕಿದರೆ ಮತ್ತೆ ಸಂಜೆಯೇ. ಗೌಡ ಸಾರಸ್ವತರ ದೇವಸ್ಥಾನ ಇದು. ಬೀದಿಯಲ್ಲಿ ಹೂವಿನ ಕಟ್ಟೆಗಳು, ಕಂಚು ಹಿತ್ತಾಳೆ ಪಾತ್ರೆಯ ಅಂಗಡಿಗಳು, ಕೊಂಕಣಿ ಮನೆಗಳ ತಿಂಡಿ ಮಾರುವ ಕಿರು ಮಳಿಗೆಗಳು. ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದೇ ಒಳಸುತ್ತಿಗೆ ಹೋಗಬೇಕು. ಒದ್ದೆ ಅಂಗಿ ತೆಗೆದು ಮತ್ತೆ ತೊಡುವ ಸಂಕಟಕ್ಕೆ ಹೆಗಲ ಮೇಲೊಂದು ಬೈರಾಸು ಇರಲಿ. ಕರಾವಳಿಯಲ್ಲಿ ಟವೆಲಿಗೆ ಹಾಗೇ ಹೇಳುವುದು.

ರಥಬೀದಿಯಿಂದ ಬಂದರಿಗೆ ಕಿಲೋಮೀಟರ್ ಆಸುಪಾಸು. ದಾರಿಯಲ್ಲೇ ವಾಸನೆ ಬದಲಾಗುತ್ತದೆ. ಮಲ್ಲಿಗೆ ಹೋಗಿ ಕೊಬ್ಬರಿ, ಅಡಿಕೆ, ಗೋಣಿ, ಒಣಮೀನು. ಹಂಚಿನ ಗೋದಾಮುಗಳ ಮುಂದೆ ಲಾರಿಗಳು ಟಾರ್ಪಾಲು ಹೊದ್ದು ನಿಂತಿರುತ್ತವೆ. ಈ ಬೀದಿಗಳ ವ್ಯಾಪಾರ ಎಷ್ಟು ಹಳೆಯದೆಂದರೆ, 12ನೇ ಶತಮಾನದಲ್ಲಿ ಟ್ಯುನೀಷಿಯಾ ಕಡೆಯ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇಲ್ಲಿ ಹದಿನೇಳು ವರ್ಷದ ಹತ್ತಿರ ನೆಲೆಸಿ ಕಾಳುಮೆಣಸು, ಅಡಿಕೆ, ಕಬ್ಬಿಣ ಏಡನ್‌ಗೆ ಕಳಿಸುತ್ತಿದ್ದ, ಕಂಚಿನ ಪಾತ್ರೆಯ ಕಾರ್ಖಾನೆಯನ್ನೂ ಇಟ್ಟಿದ್ದ. ಅವನ ಪರವಾಗಿ ಕಡಲಾಚೆ ವ್ಯವಹಾರ ನೋಡುತ್ತಿದ್ದವನ ಹೆಸರು ಬೊಮ್ಮ. ಇದೆಲ್ಲ ಗೊತ್ತಾದದ್ದು ಕೈರೋದ ಯಹೂದಿ ಮಂದಿರದಲ್ಲಿ ಉಳಿದ ಕಾಗದಪತ್ರಗಳಿಂದ. ಎರಡು ಶತಮಾನದ ಮೇಲೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ ಊರನ್ನು ಮಂಜರೂರ್ ಎಂದು ಕರೆದು, ಪಾರಸ ಮತ್ತು ಯೆಮೆನ್ ವರ್ತಕರು ಇಳಿಯುವ ಜಾಗ, ಮೆಣಸು ಶುಂಠಿ ಹೇರಳ ಎಂದು ಬರೆದ. ಇದೇ ಕೇರಿಯ ಝೀನತ್ ಬಕ್ಷ್ ಜುಮಾ ಮಸೀದಿ, ಈ ಕರಾವಳಿಗೆ ಇಸ್ಲಾಂ ತಂದವರೆನ್ನುವ ಮಾಲಿಕ್ ದೀನಾರರ ಕಾಲದ್ದೆಂದು ಪ್ರತೀತಿ. ಒಳಗಿನ ಮರದ ಕಂಬ, ತೊಲೆಗಳ ಕೆತ್ತನೆಗಾಗಿ ನೋಡಬೇಕು. ನಮಾಜಿನ ಹೊತ್ತು ಬಿಟ್ಟು, ಅಲ್ಲಿರುವವರಲ್ಲಿ ಕೇಳಿಕೊಂಡು ಹೋಗಿ.

ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಒಯ್ಯುವ ಮಂಜಿಗಳು, ಅಂದರೆ ಸರಕಿನ ಮರದ ಹಡಗುಗಳು, ಹೊರಡುವುದಿಲ್ಲ. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಕಡಲಿಗಿಳಿಯುವ ಅಳಿವೆ ಬಾಗಿಲಿನಲ್ಲಿ ಕೆಂಪು ನೆರೆನೀರು ಹೊರಗೆ ತಳ್ಳುತ್ತಿರುತ್ತದೆ, ಅಲೆ ಒಳಗೆ ತಳ್ಳುತ್ತಿರುತ್ತದೆ, ತಳದ ಮರಳು ದಿನಕ್ಕೊಂದು ಕಡೆ ರಾಶಿಯಾಗುತ್ತದೆ. ದೊಡ್ಡ ಹಡಗಿಗೆ ಆಗದ ಈ ಬಾಗಿಲನ್ನು ಬಿಟ್ಟು ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಿದ್ದು 1970ರ ದಶಕದಲ್ಲಿ. ಪಕ್ಕದ ಮೀನುಗಾರಿಕಾ ಧಕ್ಕೆಯಲ್ಲಿ ಜುಲೈನಲ್ಲಿ ಕಾಣುವುದು ಮೀನಲ್ಲ, ಬೋಟು. ಒಂದಕ್ಕೊಂದು ಹಗ್ಗ ಬಿಗಿದು, ದಡದಿಂದ ನಾಲ್ಕೈದು ಸಾಲು ಒಳಗೆ, ಬಣ್ಣಬಣ್ಣದ ಬೋಟುಗಳು ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತವೆ. ಧಕ್ಕೆಯ ಕಾಂಕ್ರೀಟು ಮೀನಿನ ಜಿಡ್ಡು, ಪಾಚಿಯಿಂದ ಎಣ್ಣೆ ಹೊಯ್ದಂತಿರುತ್ತದೆ. ಅಂಚಿಗೆ ಹೋಗಬೇಡಿ.

ಮಧ್ಯಾಹ್ನದ ಊಟಕ್ಕೆ ಒಂದು ಗಂಟೆಯೊಳಗೆ ಕೂರಬೇಕು. ಬಂದರಿನ ನಾರಾಯಣ, ರಥಬೀದಿ ಬಳಿಯ ಗಿರಿಮಂಜ ಮುಂತಾದ ಹೆಸರಾದ ಮೀನಿನ ಹೋಟೆಲುಗಳಲ್ಲಿ ಒಂದೂವರೆಗೆ ನಿಲ್ಲಲೂ ಜಾಗವಿರುವುದಿಲ್ಲ, ಎರಡೂವರೆಗೆ ಒಳ್ಳೆಯ ಮೀನು ಉಳಿದಿರುವುದಿಲ್ಲ. ಮಸಾಲೆ ಹಚ್ಚಿದ ಮೀನನ್ನು ಟ್ರೇಯಲ್ಲಿ ಮುಂದಿಡುವ ಕಡೆ ಆರಿಸುವ ಅವಕಾಶ ನಿಮ್ಮದೇ. ಮಸಾಲೆಯಡಿ ಕಿವಿರು ಕಾಣುವುದಿಲ್ಲ, ಆದ್ದರಿಂದ ಹೊಟ್ಟೆಯ ಅಂಚು ನೋಡಿ. ಬಂಗುಡೆ, ಬೂತಾಯಿಯ ಹೊಟ್ಟೆಯ ಚರ್ಮ ಒಡೆದು ಮುಳ್ಳು ಹೊರಗೆ ಬಂದಿದ್ದರೆ ಅದು ಬಹಳ ದಿನ ಐಸು ಕಂಡದ್ದು. ಕಣ್ಣು ಒಳಗೆ ಹೋಗಿ ಮಂಜಾಗಿದ್ದರೂ ಹಾಗೇ. "ಅಣ್ಣ, ಇವತ್ತು ದೋಣಿಯದ್ದು ಎಂತ ಉಂಟು?" ಅಂತ ಕೇಳಿದರೆ ಬಡಿಸುವವರು ಸುಳ್ಳು ಹೇಳುವುದು ಕಡಿಮೆ. ನಿಷೇಧದ ತಿಂಗಳಲ್ಲಿ ಅಂಜಲ್, ಮಾಂಜಿಯಂಥ ದುಬಾರಿ ಮೀನಿಗೆ ಹಣ ಸುರಿಯುವುದಕ್ಕಿಂತ ದೋಣಿಗೆ ಸಿಕ್ಕ ಸಣ್ಣ ಮೀನು, ಇಲ್ಲವೇ ಎಟ್ಟಿ (ಸಿಗಡಿ) ತಿನ್ನುವುದು ಜಾಣತನ.

ಊಟ ಅಂದರೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಫ್ರೈ ಬೇರೆ. ಕಾಣೆ ಮೀನಿಗೆ ರವಾ ಫ್ರೈ ಹೊಂದುತ್ತದೆ, ಮೈ ಮೆದುವಾದ ಮೀನಿಗೆ ಹೊರಗೆ ಗರಿ ಬೇಕು. ಬಂಗುಡೆಗೆ ತವಾ ಫ್ರೈ ಅಥವಾ ಪುಳಿಮುಂಚಿ. ಪುಳಿಮುಂಚಿ ಅಂದರೆ ಹುಳಿ ಮತ್ತು ಮೆಣಸು. ಕೆಂಪು ಮೆಣಸು, ಕೊತ್ತಂಬರಿ, ಕಾಳುಮೆಣಸು, ಚೂರು ಮೆಂತೆ ಹುರಿದು, ಬೆಳ್ಳುಳ್ಳಿ ಹುಣಸೆ ಸೇರಿಸಿ ಗಂಧದಂತೆ ಅರೆದದ್ದು, ತೆಂಗಿನಕಾಯಿ ಬೀಳುವುದಿಲ್ಲ. ಎಣ್ಣೆಯಂಶ ಹೆಚ್ಚಿರುವ ಬಂಗುಡೆಯ ಜಿಡ್ಡನ್ನು ಈ ಹುಳಿ ಮುರಿಯುತ್ತದೆ. ಅದೇ ಮಸಾಲೆ ಬಿಳಿ ಮಾಂಸದ ಮೀನಿಗೆ ಹಾಕಿದರೆ ಮೀನೇ ಕಳೆದುಹೋಗುತ್ತದೆ. ಮೀನು ತಿನ್ನದವರಿಗೆ ಬಂದರಿನಲ್ಲಿ ಆಯ್ಕೆ ಕಡಿಮೆ, ರಥಬೀದಿಗೋ ಹಂಪನಕಟ್ಟೆಗೋ ವಾಪಸಾಗಿ.

ಮೂರು ಗಂಟೆಗೆ ಮಳೆ ಬಿರುಸಾಗಿಲ್ಲದಿದ್ದರೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ರಿಕ್ಷಾ ಹಿಡಿಯಿರಿ. 1784ರಲ್ಲಿ, ಇಂಗ್ಲಿಷರೊಂದಿಗೆ ಮಂಗಳೂರು ಒಪ್ಪಂದವಾದ ವರ್ಷವೇ, ಟಿಪ್ಪು ಫಲ್ಗುಣಿ ನದಿಯನ್ನು ಕಾಯಲು ಕಟ್ಟಿಸಿದ ಕಲ್ಲಿನ ಬುರುಜು. ಕೋಟೆಯೆಂದು ನಿರೀಕ್ಷಿಸಿ ಹೋದವರಿಗೆ ನಿರಾಸೆ. ಹದಿನೈದು ನಿಮಿಷ ಸಾಕು. ಕಡಿದಾದ ಮೆಟ್ಟಿಲು ಮಳೆಗೆ ಹಸಿರು ಹಿಡಿದಿರುತ್ತದೆ, ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಬದಿಗೆ ಕೈಯೂರಿ ಇಳಿಯಿರಿ. ಫಿರಂಗಿಯ ಕಿಂಡಿಯಲ್ಲಿ ಇಣುಕಿದರೆ ಯಾಕೆ ಇಲ್ಲೇ ಕಟ್ಟಿದರು ಅಂತ ಹೇಳಿಕೊಡಬೇಕಾಗಿಲ್ಲ, ನದಿಗೆ ಬರುವ ಯಾವ ದೋಣಿಯೂ ಈ ಕಣ್ಣು ತಪ್ಪಿಸುವಂತಿಲ್ಲ. ಕೆಳಗಿನಿಂದ ತಣ್ಣೀರುಬಾವಿಗೆ ಹೋಗುವ ಕಡವಿನ ದೋಣಿ ನೆರೆ, ಗಾಳಿಯಿದ್ದರೆ ನಿಲ್ಲುತ್ತದೆ. ನಿಲ್ಲದಿದ್ದರೂ ಮಳೆಗಾಲದಲ್ಲಿ ಆಚೆ ದಡದಲ್ಲಿ ಹೆಚ್ಚಿನದೇನಿಲ್ಲ.

ಸಂಜೆಗೆ ಗೋಳಿಬಜೆ. ಹುಳಿ ಮೊಸರಿನಲ್ಲಿ ಮೈದಾ ಕಲಸಿ, ಶುಂಠಿ, ಹಸಿಮೆಣಸು, ಕರಿಬೇವು, ಕೊಬ್ಬರಿ ಚೂರು, ಸೋಡಾ ಹಾಕಿ ಎರಡು ಮೂರು ಗಂಟೆ ಬಿಟ್ಟ ಹಿಟ್ಟು. ಕರಿಯುವವರ ಕೈ ನೋಡುವುದೇ ಒಂದು ಚೆಂದ. ಕೈ ನೀರಿಗೆ ಅದ್ದಿ, ಅಂಟಂಟು ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಹಿಂಡಿ ಎಣ್ಣೆಗೆ ಜಾರಿಸುತ್ತಾರೆ. ಹಿಟ್ಟು ಸರಿಯಿದ್ದರೆ ಉಂಡೆ ತಾನಾಗಿ ಮಗುಚಿಕೊಂಡು ದುಂಡಗಾಗುತ್ತದೆ. ನೀರಾದರೆ ಬಾಲ ಬಂದು ಎಣ್ಣೆ ಕುಡಿಯುತ್ತದೆ, ಗಟ್ಟಿಯಾದರೆ ನಡುವೆ ಹಸಿ ಗಂಟು. ತಟ್ಟೆಗೆ ಬಂದ ಮೂರು ನಿಮಿಷದೊಳಗೆ ತಿನ್ನಬೇಕು, ಆರಿದರೆ ರಬ್ಬರು. ರಾತ್ರಿ ಐಸ್‌ಕ್ರೀಂ ಅಂದರೆ ಮಳೆಗೆ ಹುಚ್ಚೆನ್ನಿಸಬಹುದು, ಆದರೆ ಐಡಿಯಲ್ಲಿನ ಪಾರ್ಲರುಗಳು, ಲಾಲ್‌ಬಾಗಿನ ಪಬ್ಬಾಸ್ ಜಡಿಮಳೆಯಲ್ಲೂ ತುಂಬಿರುತ್ತವೆ. ಎತ್ತರದ ಗ್ಲಾಸಿನ ಗಡ್‌ಬಡ್ಡನ್ನು ಕಲಸದೆ, ಉದ್ದ ಚಮಚ ತಳದವರೆಗೆ ಇಳಿಸಿ ಪದರ ಪದರವಾಗಿ ಎತ್ತಿ ತಿನ್ನಿ. ಅದು ಹುಟ್ಟಿದ್ದು ಉಡುಪಿಯಲ್ಲೋ ಮಂಗಳೂರಿನಲ್ಲೋ ಎಂಬ ಜಗಳಕ್ಕೆ ಹೊರಗಿನವರು ಬಾಯಿ ಹಾಕದಿರುವುದು ಒಳ್ಳೆಯದು.

ಎರಡನೇ ದಿನ: ಕದ್ರಿಯ ಕಂಚು, ಜೆಪ್ಪುವಿನ ಮಣ್ಣು

ಬೆಳಿಗ್ಗೆ ಏಳಕ್ಕೆ ಕದ್ರಿ. ಮಂಜುನಾಥ ದೇವಸ್ಥಾನದಲ್ಲಿ ಲಿಂಗ ನೋಡಿ ಹೊರಟುಬಿಡುವವರೇ ಹೆಚ್ಚು. ಅಲ್ಲಿ ಕಾಣಲೇಬೇಕಾದದ್ದು ಲೋಕೇಶ್ವರನ ಕಂಚಿನ ವಿಗ್ರಹ. ಮೂರು ಮುಖ, ಆರು ಕೈ, ಸುಮಾರು ಐದು ಅಡಿ ಎತ್ತರ. ಪೀಠದ ಶಾಸನ ಆಳುಪ ವಂಶದ ದೊರೆ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಎನ್ನುತ್ತದೆ, ಕಾಲ ಕ್ರಿ.ಶ. 968. ವಿಹಾರ (ಬೌದ್ಧ ಮಠ) ಎಂಬ ಮಾತು, ಕಿರೀಟದಲ್ಲಿ ಕೂತ ಪುಟ್ಟ ಬುದ್ಧ, ಎರಡೂ ಸೇರಿ ಇದು ಬೌದ್ಧರ ಬೋಧಿಸತ್ವ ಅವಲೋಕಿತೇಶ್ವರ ಎಂದು ಹೇಳುತ್ತವೆ. ಅದೇ ಶಾಸನದಲ್ಲಿ ದೊರೆ ತನ್ನನ್ನು ಶಿವನ ಪಾದಕಮಲದ ದುಂಬಿ ಎಂದು ಕರೆದುಕೊಂಡಿದ್ದಾನೆ. ಆ ಕಾಲದ ಮಂಗಳೂರಿಗೆ ಇದರಲ್ಲಿ ವಿರೋಧ ಕಂಡಿರಲಿಲ್ಲ ಅನ್ನಿಸುತ್ತದೆ. ಅಲಂಕಾರ ಮುಗಿದ ಮೇಲೆ ಬಟ್ಟೆ, ಹೂವಿನಡಿ ಅರ್ಧ ವಿಗ್ರಹ ಮರೆಯಾಗುತ್ತದೆ, ಅದಕ್ಕೇ ಬೇಗ ಹೋಗಬೇಕಾದದ್ದು. ಹಿಂದಿನ ಗೋಮುಖದ ನೀರು ಮಳೆಗಾಲದಲ್ಲಿ ರಭಸವಾಗಿ ಕೆರೆಗಳಿಗೆ ಬೀಳುತ್ತದೆ. ಗುಡ್ಡದ ಮೇಲಿನ ನಾಥಪಂಥದ ಜೋಗಿಮಠ, ಪಾಂಡವರ ಗುಹೆಗಳ ದಾರಿ ಮುರಕಲ್ಲಿನದ್ದು. ಪಾಚಿ ಹಿಡಿದ ಮುರಕಲ್ಲು ಸಾಬೂನಿನಂತೆ. ವಯಸ್ಸಾದವರಿದ್ದರೆ ಬಿಟ್ಟುಬಿಡಿ.

ತಿಂಡಿಗೆ ನೀರುದೋಸೆ. ಬೆಳ್ತಿಗೆ ಅಕ್ಕಿ, ಅಂದರೆ ಕುಚ್ಚದ ಬಿಳಿ ಅಕ್ಕಿ, ನಾಲ್ಕೈದು ಗಂಟೆ ನೆನೆಸಿ, ಹಿಡಿ ತೆಂಗಿನತುರಿಯ ಜೊತೆ ನುಣ್ಣಗೆ ಅರೆದು ಮಜ್ಜಿಗೆಯಷ್ಟು ತೆಳ್ಳಗೆ ಮಾಡುತ್ತಾರೆ. ಹುಳಿ ಬರಿಸುವುದಿಲ್ಲ. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟನ್ನು ಹೊರ ಅಂಚಿನಿಂದ ಒಳಕ್ಕೆ ಎರಚುತ್ತಾ ಬರಬೇಕು, ಸೌಟಿನಿಂದ ಹರಡುವಂತಿಲ್ಲ. ಅಕ್ಕಿ ತಳಕ್ಕಿಳಿಯುತ್ತಲೇ ಇರುವುದರಿಂದ ಪ್ರತಿ ದೋಸೆಗೂ ತಿರುವಬೇಕು. ತಿರುವದಿದ್ದರೆ ಮೊದಲ ದೋಸೆ ಹರಿದು ಬರುತ್ತದೆ, ಕೊನೆಯದು ತೀರಾ ದಪ್ಪ. ಮಗುಚಿ ಹಾಕದೆ, ಮುಚ್ಚಿ ಬೇಯಿಸಿ, ನಾಲ್ಕು ಮಡಿಕೆ ಮಾಡಿ ಕೊಡುತ್ತಾರೆ. ಕಾಯಿಬೆಲ್ಲದ ಜೊತೆ ಒಂದು, ಚಟ್ನಿಯ ಜೊತೆ ಒಂದು, ಸಿಗುವ ಕಡೆ ಕೋಳಿಸಾರಿನ ಜೊತೆ ಇನ್ನೆರಡು.

ಕದ್ರಿಯಿಂದ ಬಲ್ಮಠಕ್ಕೆ ಇಳಿದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಊರು. 1834ರಲ್ಲಿ ಬಂದ ಮಿಶನರಿಗಳ ಅಚ್ಚುಕೂಟದಿಂದಲೇ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಜುಲೈ 1 ಕನ್ನಡ ಪತ್ರಿಕಾ ದಿನವಾದದ್ದು ಹೀಗೆ. ಕಲ್ಲಚ್ಚಿನ ಕಾಗದವನ್ನು ಆ ಮಳೆಯಲ್ಲಿ ಹೇಗೆ ಆರಿಸಿದರೋ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಮಿಶನ್ನಿನ ಮುದ್ರಣಾಲಯದಲ್ಲಿ. ಕನ್ನಡ ಓದುವವರು ಇಲ್ಲಿ ಅರ್ಧ ಗಂಟೆ ನಿಲ್ಲದೆ ಹೋಗಬಾರದು.

ಮಿಶನ್ನಿನ ಇನ್ನೊಂದು ಕೆಲಸ ತಲೆಯ ಮೇಲೆಯೇ ಇದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಹೊಳೆಯಂಚಿನ ಜೇಡಿಮಣ್ಣು, ಒಲೆಗೆ ಘಟ್ಟದ ಸೌದೆ, ಸಾಗಿಸಲು ದೋಣಿ ಮೂರೂ ಕೈಯಳತೆಯಲ್ಲಿದ್ದವು. ಹಳೆಯ ಹಂಚು ಎಲ್ಲಾದರೂ ಬಿದ್ದಿದ್ದರೆ ಕೈಗೆತ್ತಿಕೊಂಡು ನೋಡಿ. ಉದ್ದ ಸುಮಾರು 41 ಸೆಂಟಿಮೀಟರ್, ಅಗಲ 23ರ ಮೇಲೆ, ತೂಕ ಎರಡೂವರೆ ಕಿಲೋ ಆಸುಪಾಸು. ಮೇಲ್ಗಡೆ ನೀರು ಹರಿಯಲು ಎರಡು ತೋಡು. ಒಂದು ಅಂಚಿನಲ್ಲಿ ಉಬ್ಬು, ಇನ್ನೊಂದರಲ್ಲಿ ಅದು ಕೂರುವ ಕಾಲುವೆ. ಅಡಿಯಲ್ಲಿ ರೀಪಿಗೆ (ಮರದ ಅಡ್ಡಪಟ್ಟಿಗೆ) ಸಿಕ್ಕಿಕೊಳ್ಳುವ ಎರಡು ಮೊಳೆಯಂಥ ಹಲ್ಲು, ಕಾರ್ಖಾನೆಯ ಹೆಸರಿನ ಅಚ್ಚು. ಮಾಡಿನ ಇಳಿಜಾರಿನ ತೊಲೆಯಾದ ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹಂಚು, ಗಾರೆಯಿಲ್ಲ, ಮೊಳೆಯಿಲ್ಲ. ತನ್ನ ತೂಕಕ್ಕೇ ಕೂರುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುತ್ತದೆ.

ಸೋರುವುದು ಯಾಕೆ ಅನ್ನುವುದನ್ನೂ ಮಳೆಯಲ್ಲೇ ನೋಡಬಹುದು. ಮಾಡಿನ ಇಳಿಜಾರು ತೀರಾ ಕಡಿಮೆಯಾದರೆ ಗಾಳಿ ನೀರನ್ನು ಹಂಚಿನ ತಲೆಯಡಿಗೆ ಹಿಂದಕ್ಕೆ ನೂಕುತ್ತದೆ. ತೋಡಿನಲ್ಲಿ ಎಲೆ ಸಿಕ್ಕಿಕೊಂಡರೆ ನೀರು ಪಕ್ಕಕ್ಕೆ ಉಕ್ಕುತ್ತದೆ. ರೀಪು ಬಗ್ಗಿದರೆ ಎರಡು ಹಂಚಿನ ಬೆಸುಗೆ ಬಾಯಿಬಿಡುತ್ತದೆ. ಅದಕ್ಕೇ ಮೇ ತಿಂಗಳಲ್ಲಿ ಮಾಡಿಗೆ ಹತ್ತಿ ಎಲೆ ತೆಗೆದು, ಒಡೆದ ಹಂಚು ಬದಲಿಸುವ ಕೆಲಸ ಕರಾವಳಿಯ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವಷ್ಟೇ ಖಾಯಂ. ಜೆಪ್ಪು, ಬೋಳಾರದ ಓಣಿಗಳಲ್ಲಿ ಹಳೇ ಮನೆಗಳ ಮಾಡು ಈಗಲೂ ಕಾಣಸಿಗುತ್ತದೆ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಜಗಲಿಗೆ ಹತ್ತುವ ಮುಂಚೆ "ಅಕ್ಕ, ಸ್ವಲ್ಪ ಮಳೆಗೆ ನಿಲ್ಲಬಹುದಾ?" ಅಂತ ಕೇಳಿ. ಬೇಡ ಅನ್ನುವವರು ಸಿಗುವುದು ಅಪರೂಪ. ಊರಿಗೆ ಹೆಸರು ಕೊಟ್ಟ ಮಂಗಳಾದೇವಿಯ ಗುಡಿ ಬೋಳಾರದಲ್ಲೇ ಇದೆ, ಅದೂ ಮಧ್ಯಾಹ್ನಕ್ಕೆ ಮುಚ್ಚುತ್ತದೆ.

ಎರಡನೇ ದಿನದ ಊಟ ಆಟಿಯದ್ದಾಗಲಿ. ಎಲ್ಲ ಹೋಟೆಲಿನಲ್ಲೂ ಸಿಗುವುದಿಲ್ಲ. ಸಸ್ಯಾಹಾರಿ ಹೋಟೆಲುಗಳ ಮುಂದಿನ ಹಲಗೆ ನೋಡಿ, ಇಲ್ಲವೇ ಅಲ್ಲಲ್ಲಿ ನಡೆಯುವ ಆಟಿ ಕೂಟಗಳ ಬ್ಯಾನರ್ ನೋಡಿ. ಪತ್ರೊಡೆ ಸಿಕ್ಕರೆ ಬಿಡಬೇಡಿ. ಕೆಸುವಿನ ಎಲೆಯ ಬೆನ್ನಿನ ದಪ್ಪ ನರ ಸವರಿ ತೆಗೆದು, ಅಕ್ಕಿ, ಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲ ಅರೆದ ಹಿಟ್ಟು ಬಳಿದು, ಎಲೆಯ ಮೇಲೆ ಎಲೆ ಇಟ್ಟು ಚಾಪೆಯಂತೆ ಸುತ್ತಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಬೆಯಲ್ಲಿ ಬೇಯಿಸಿದ್ದು. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಹುಣಸೆ ಕಡಿಮೆಯಾದರೆ, ಬೇಯುವುದು ಅರ್ಧಂಬರ್ಧವಾದರೆ ಗಂಟಲು ತುರಿಸುತ್ತದೆ. ಮೊದಲು ಚೂರು ತಿಂದು ಎರಡು ನಿಮಿಷ ಕಾಯಿರಿ. ಸರಿಯಿದ್ದರೆ ಮೇಲೆ ಹಸಿ ತೆಂಗಿನೆಣ್ಣೆ ಹೊಯ್ದುಕೊಂಡು ತಿನ್ನಿ. ಕಣಿಲೆ, ಅಂದರೆ ಎಳೆ ಬಿದಿರನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿದ ಮೇಲೆಯೇ ಅಡುಗೆಗೆ. ಆ ನೀರು ಚೆಲ್ಲದೆ ಬಳಸಿದರೆ ವಿಷ. ತಜಂಕು ಸೊಪ್ಪಿನ ವಡೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ ಪಲ್ಯ, ನಾಗರಪಂಚಮಿಯ ಆಚೀಚೆ ಬಂದರೆ ಅರಸಿನ ಎಲೆಯ ಗಟ್ಟಿ, ಅಂದರೆ ಕಡುಬು. ಕೊನೆಯದರ ಪರಿಮಳ ಹಬೆಪಾತ್ರೆಯ ಮುಚ್ಚಳ ತೆಗೆದಾಗ ಬೀದಿಗೇ ಗೊತ್ತಾಗುತ್ತದೆ.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಊರಲ್ಲಿದ್ದರೆ ಹಾಲೆಮರದ ತೊಗಟೆಯ ಕಷಾಯ ಕೊಟ್ಟಾರು. ಖಾಲಿ ಹೊಟ್ಟೆಗೆ ಕಹಿ ಕಷಾಯ, ಮೇಲೆ ಮೆಂತೆಗಂಜಿ. ಮರ ಗುರುತಿಲ್ಲದವರು ತೊಗಟೆ ಕೆತ್ತಲು ಹೋಗಬಾರದು, ಬೇರೆ ಮರದ್ದು ಬಂದರೆ ಪ್ರಾಣಕ್ಕೇ ಅಪಾಯ. ಬಲ್ಲವರು ಕೊಟ್ಟದ್ದನ್ನಷ್ಟೇ ಕುಡಿಯಿರಿ.

ರಾತ್ರಿಗೆ ಕೋರಿರೊಟ್ಟಿ. ಕಾಗದದಷ್ಟು ತೆಳ್ಳಗಿನ ಗರಿಗರಿ ಅಕ್ಕಿರೊಟ್ಟಿ ಮೂರು ನಾಲ್ಕು ಪುಡಿಮಾಡಿ, ತೆಂಗಿನಹಾಲಿನ ಬಿಸಿ ಕೋಳಿಸಾರು ಹೊಯ್ದು, ಅರ್ಧ ನಿಮಿಷ ಬಿಟ್ಟು, ಅರ್ಧ ಮೆತ್ತಗೆ ಅರ್ಧ ಗರಿಯಿರುವಾಗ ತಿಂದು ಮುಗಿಸಬೇಕು. ಮಾತಾಡುತ್ತಾ ಕೂತರೆ ಗಂಜಿಯಾಗುತ್ತದೆ. ಮಳೆಗಾಲದಲ್ಲಿ ರೊಟ್ಟಿ ತಟ್ಟೆಗೆ ಬರುವಾಗಲೇ ಮೆತ್ತಗಿದ್ದರೆ ವಾಪಸು ಕೊಟ್ಟು ಕಾವಲಿಯಲ್ಲಿ ಬೆಚ್ಚಗೆ ಮಾಡಿಸಿ, ಯಾರೂ ಬೇಸರಿಸುವುದಿಲ್ಲ.

ಮೂರನೇ ದಿನ, ಬೆಳಿಗ್ಗೆ

ಹಗಲು ರೈಲಿಗೆ ಹೊರಡುವ ಮುಂಚೆ ಘಟ್ಟದ ಸುದ್ದಿ ವಿಚಾರಿಸಿ. ವಿಮಾನದವರು ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಕೆಂಜಾರಿನ ಗುಡ್ಡದ ನೆತ್ತಿಯಲ್ಲಿರುವ ನಿಲ್ದಾಣಕ್ಕೆ ಮೋಡ ಕವಿದರೆ ವಿಮಾನ ಬೇರೆ ಊರಿಗೆ ತಿರುಗುವುದುಂಟು.

ಕಟ್ಟಿಕೊಂಡು ಹೋಗಲು ಹಲಸಿನ ಹಪ್ಪಳ, ರೊಟ್ಟಿಯ ಪೊಟ್ಟಣ, ಒಣ ಎಟ್ಟಿ. ಹಪ್ಪಳವನ್ನು ಬೆಳಕಿಗೆ ಹಿಡಿದು ಬಗ್ಗಿಸಿ ನೋಡಿ, ಟಕ್ಕೆಂದು ಮುರಿದರೆ ಬೇಸಿಗೆಯ ಬಿಸಿಲು ಕಂಡದ್ದು, ಬಾಗಿದರೆ ಈಗಾಗಲೇ ತಂಡಿ ಹಿಡಿದದ್ದು, ಮನೆ ಮುಟ್ಟುವಾಗ ಬೂಷ್ಟು. ರೊಟ್ಟಿ ಮುರಿಯದಂತೆ ಚೀಲದ ಮೇಲ್ಗಡೆ, ನೆಟ್ಟಗೆ ಇಡಿ. ಒಣ ಎಟ್ಟಿಯನ್ನು ಮಾತ್ರ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒದ್ದೆ ಬಟ್ಟೆಯ ಜೊತೆ ಚೀಲದ ತಳಕ್ಕೆ ಹಾಕಿ. ಎಸಿ ಬಸ್ಸಿನಲ್ಲಿ ಅದರ ವಾಸನೆ ಬಂಟ್ವಾಳ ದಾಟುವ ಮೊದಲೇ ಡ್ರೈವರನ ಮೂಗಿಗೆ ಮುಟ್ಟುತ್ತದೆ.